ಆಸ್ಯಮ್ಮನ ಮಗ್ಗುಗಳು ಕವುಚಿದ ದಿನ

ಪಡೀಲಿನ ನನ್ನ ತವರುಮನೆಯಲ್ಲಿ ಮುಸ್ಸಂಜೆಯ ಮೇಲೆ ಒಂದು ಖಾಲಿ ಪಾತ್ರೆ ಬಾಯಿ ಮೇಲಾಗಿ ಕಂಡರೆ ಸಾಕು, ಅಜ್ಜಿ ದೇಯಿ ಮನೆಯನ್ನೇ ತಲೆಯ ಮೇಲೆ ಹೊರುತ್ತಿದ್ದಳು. ತೊಳೆದ ಪಾತ್ರೆಯನ್ನು ಕವುಚಿ ಇಡಬೇಕು, ಬಾಯಿ ತೆರೆದ ಪಾತ್ರೆ ಹಸಿವನ್ನು ಮನೆಯೊಳಗೆ ಕರೆಯುತ್ತದೆ ಎಂಬುದು ಅವಳ ನಂಬಿಕೆ. ಅಂಥ ಮನೆಯಿಂದ ಮದುವೆಯಾಗಿ ಬಂದರಿಗೆ ಬಂದ ನನಗೆ ಮೊದಲ ದಿನವೇ ಪಕ್ಕದ ಮನೆಯ ಕಿಟಕಿಯಲ್ಲಿ ಕಂಡದ್ದೇನು? ಸಾಲಾಗಿ ಮಗ್ಗುಗಳು. ಒಂದಾದರೂ ಕವುಚಿತ್ತೇ? ಇಲ್ಲ. ಎಲ್ಲವೂ ಬಾಯಿ ತೆರೆದು ಆಕಾಶ ನೋಡುತ್ತ ಕೂತಿದ್ದವು.

ನಾನು ಚಂಪಾ. ನನ್ನ ಗಂಡನ ಹೆಸರು ಬೋಜ. ಆಗೆಲ್ಲ ಗಂಡನ ಹೆಸರನ್ನು ಬಾಯಲ್ಲಿ ಹೇಳುವ ಹಾಗಿರಲಿಲ್ಲ. ಈಗ ಹೇಳಿದರೆ ಬೈಯಲು ಅತ್ತೆಯೂ ಇಲ್ಲ, ನಾಚಲು ನನಗೆ ಪ್ರಾಯವೂ ಇಲ್ಲ. ಅವರು ಮರದ ಮಿಲ್ಲಿಗೆ ಹೋಗುತ್ತಿದ್ದರು, ನಾನು ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದೆ. ಐವತ್ತೈದನೇ ಇಸವಿಯಲ್ಲಿ ನಮಗೆ ಬಾಡಿಗೆಗೆ ಸಿಕ್ಕಿದ್ದು ಬಂದರಿನ ಹಿಂದಿನ ಓಣಿಯಲ್ಲಿ, ಒಂದೇ ಹಂಚಿನ ಮಾಡಿನ ಕೆಳಗಿದ್ದ ಎರಡು ಮನೆಗಳಲ್ಲಿ ಒಂದು. ಇನ್ನೊಂದರಲ್ಲಿ ಆಸ್ಯಮ್ಮ ಇದ್ದಳು. ನಡುವಿನ ಗೋಡೆ ಮಾಡಿನ ತನಕ ಮುಟ್ಟುತ್ತಿರಲಿಲ್ಲ. ಇತ್ತ ನಾನು ಸೀನಿದರೆ ಅತ್ತ ಅವಳು ಕೆಮ್ಮಿ ಉತ್ತರ ಕೊಡುತ್ತಿದ್ದಳು. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಜಗಳ ಬಂದರೆ ಮಾತ್ರ ಅವಳು ತನ್ನ ಬ್ಯಾರಿ ಭಾಷೆಗೆ ಹಾರಿಬಿಡುತ್ತಿದ್ದಳು. ನನಗೆ ಅರ್ಥವಾಗದ ಹಾಗೆ ನನ್ನನ್ನೇ ಬೈಯುವುದು ಯಾವ ಊರಿನ ನ್ಯಾಯ, ನೀವೇ ಹೇಳಿ!

ಮೊದಲ ಜಗಳವಾದದ್ದೂ ಆ ಮಗ್ಗುಗಳ ಮೇಲೆಯೇ. ಮೇಲಿನ ಹಂಚಿನಿಂದ ಕಸ ಉದುರುತ್ತಿದೆ, ಹಲ್ಲಿ ಓಡಾಡುತ್ತಿದೆ, ಪಾಪ, ಈ ಹೆಂಗಸಿಗೆ ಯಾರೂ ಹೇಳಿಕೊಟ್ಟಿಲ್ಲ ಎಂದುಕೊಂಡು ಕಿಟಕಿಯತ್ತ ಕೈ ಚಾಚಿದೆ. ಅವಳು ಒಳಗಿನಿಂದ ಓಡಿ ಬಂದು ನನ್ನ ಕೈ ಹಿಡಿದುಬಿಟ್ಟಳು.

"ಎಂತ ಮಾಡ್ತಿ ಮಾರಾಯ್ತಿ! ಅದನ್ನು ಕವುಚ್ಲಿಕ್ಕೆ ಉಂಟಾ?"

"ಕವುಚದೆ ಮತ್ತೆಂತ? ಹಲ್ಲಿ ಹೇತದ್ದನ್ನು ಕುಡಿಯುದಾ?"

"ಅವರು ಕಡಲಲ್ಲಿ ಇದ್ದಾರೆ" ಎಂದಳು. ಅಷ್ಟು ಹೇಳುವಾಗಲೇ ಅವಳ ದನಿ ಇಳಿದುಹೋಗಿತ್ತು. "ಅವರು ಬಾಯಿಟ್ಟ ಪಾತ್ರೆ ಇದೆಲ್ಲ. ಅವರು ನೀರಿನ ಮೇಲೆ ಇರುವಷ್ಟು ದಿನ ಇದು ಕವುಚ್ಬಾರ್ದು."

ಅವಳ ಗಂಡ ನೂರ್ ಮುಹಮ್ಮದ್, ನಮಗೆಲ್ಲ ಮರ್ಯಾದೆಯಿಂದ ನೂರ್ ಬ್ಯಾರಿಗಳು, ಇಲ್ಲವೇ ಬರೀ ಬ್ಯಾರಿಗಳು, ಮಂಜಿಯಲ್ಲಿ ದುಡಿಯುವವರು. ಮಂಜಿ ಎಂದರೆ ಹಾಯಿ ಕಟ್ಟಿಕೊಂಡು ಹೋಗುವ ಸರಕಿನ ದೊಡ್ಡ ದೋಣಿ. ಇಲ್ಲಿಂದ ಹಂಚು ತುಂಬಿಕೊಂಡು ಹೋದರೆ ಅಲ್ಲಿಂದ ಖರ್ಜೂರ ತುಂಬಿಕೊಂಡು ಬರುತ್ತಿತ್ತು. ಮಳೆಗಾಲದಲ್ಲಿ ಬಂದರು ಮುಚ್ಚುವಾಗ ಬ್ಯಾರಿಗಳು ಮನೆಗೆ ಬರುವರು, ಮಳೆ ಕಳೆದು ಕಡಲು ತಣ್ಣಗಾಗುತ್ತಲೇ ಹೊರಡುವರು. ಮದುವೆಯಾದ ಹೊಸದರಲ್ಲಿ ಅವರು ಹೊರಟು ನಿಂತು, "ನಿನಗೆಂತ ತರ್ಲಿ? ಸೀರೆಯಾ, ಅತ್ತರಾ?" ಎಂದು ಕೇಳಿದರಂತೆ. ಇವಳು, "ಅಲ್ಲಿ ನೀವು ಚಾ ಕುಡಿದ ಮಗ್ಗು ತನ್ನಿ" ಎಂದಳಂತೆ. ಅತ್ತರು ಬೇಡವೆಂದು ಹಳೆ ಮಗ್ಗು ಕೇಳಿದ ಹೆಂಗಸನ್ನು ನಾನು ಈ ಜನ್ಮದಲ್ಲಿ ಇನ್ನೊಬ್ಬಳನ್ನು ಕಾಣಲಿಲ್ಲ. ಅಂದಿನಿಂದ ಅವರು ಮುಟ್ಟಿದ ಊರಿನಲ್ಲಿ ಒಂದು ಮಗ್ಗು ಕೊಂಡು, ಬರುವ ದಾರಿಯುದ್ದಕ್ಕೂ ಅದರಲ್ಲೇ ಚಾ ಕುಡಿದು, ಹಳೆ ಲುಂಗಿಯಲ್ಲಿ ಸುತ್ತಿ ತಂದು ಇವಳ ಕೈಗೆ ಕೊಡುತ್ತಿದ್ದರು.

ಅವು ಒಂದರ ಹಾಗೆ ಒಂದು ಇರಲಿಲ್ಲ. ನೀಲಿ ಅಂಚಿನ, ಅಲ್ಲಲ್ಲಿ ಬಣ್ಣ ಎದ್ದ ಎನಾಮಲ್ ಮಗ್ಗು ಏಡನ್ನಿನದು. ಬಂಗಾರದ ಗೀರು ಎಳೆದ ತೆಳ್ಳಗಿನದು ಬಸ್ರಾದ್ದು. ಕೊಲಂಬೊದಿಂದ ಬಂದದ್ದರ ಮೇಲೆ ಒಂದು ಆನೆ, ಅದರ ಸೊಂಡಿಲು ಕಿವಿಯ ತನಕ ಹೋಗಿ ಅದೇ ಹಿಡಿಯಾಗಿತ್ತು. ಬಿಳಿಯ ದಪ್ಪ ಮಗ್ಗೊಂದಿತ್ತು, ಎತ್ತಿದರೆ ಒರಳುಗುಂಡಿನಷ್ಟು ಭಾರ, ಅದನ್ನು ಯಾವುದೋ ಸ್ಟೀಮರಿನ ಅಡುಗೆಯವನಿಗೆ ಒಣಮೀನು ಕೊಟ್ಟು ಪಡೆದದ್ದಂತೆ.

ಮಾರ್ಚ್ ತಿಂಗಳ ಮಧ್ಯಾಹ್ನಗಳು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿವೆ. ಜಗಲಿಯಲ್ಲಿ ತಡ್ಪೆಯನ್ನು, ಅಂದರೆ ಬೀಡಿ ಎಲೆಯ ಮೊರವನ್ನು, ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತ ಕೂತರೆ ಓಣಿಯಲ್ಲಿ ಒಂದು ನಾಯಿಯೂ ಓಡಾಡುತ್ತಿರಲಿಲ್ಲ. ಎಲೆ ಕತ್ತರಿಸುವ ಸದ್ದು, ದೂರದಲ್ಲಿ ಮಂಜಿಗಳ ಸರಕು ಇಳಿಸುವ ಧಕ್ಕೆಯ ಹಮಾಲಿಗಳ ಕೂಗು. ಆಸ್ಯಮ್ಮ ಮೆಲ್ಲನೆ ಎದ್ದು ಹೋಗಿ ಒಂದು ಮಗ್ಗು ತರುವಳು. ಎರಡು ಕೈಯಲ್ಲಿ ಹಿಡಿದು, ಓರೆಯಾಗದ ಹಾಗೆ, ಅದಕ್ಕೆ ತಾನೇ ಬಾಗಿ ಕಿವಿಯಿಡುವಳು.

"ಕೇಳು ಚಂಪಾ, ಇದು ಬಸ್ರಾ. ನೀರು ಸಣ್ಣಕ್ಕೆ ಉಂಟು, ಹೊಳೆಯ ಹಾಗೆ. ಏಡನ್ನಿನಲ್ಲಿ ಗಾಳಿ ಜಾಸ್ತಿ."

ನಾನೂ ಬಾಗಿ ಕಿವಿಯಿಡುತ್ತಿದ್ದೆ. "ನನಗೆ ನಿನ್ನ ಒಲೆಯ ಮೇಲಿನ ಗಂಜಿ ಕುದಿಯುದು ಕೇಳ್ತದೆ, ಹೋಗಿ ಇಳಿಸು" ಎನ್ನುತ್ತಿದ್ದೆ. ಅವಳು ನಗುತ್ತಿದ್ದಳು. ನಿಜ ಹೇಳಬೇಕೆಂದರೆ ನನಗೂ ಏನೋ ಕೇಳುತ್ತಿತ್ತು. ಆದರೆ ಒಪ್ಪಿಕೊಂಡರೆ ಅವಳು ಎಲ್ಲ ಮಗ್ಗುಗಳನ್ನೂ ತಂದು ಕಿವಿಗೆ ಹಿಡಿದು ನನ್ನ ಬೀಡಿಯ ಲೆಕ್ಕ ತಪ್ಪಿಸುತ್ತಿದ್ದಳು.

ಮಗ್ಗುಗಳು ಹೆಚ್ಚಾದ ಹಾಗೆ ಅವಕ್ಕೆ ಜಾಗ ಹುಡುಕುವುದೇ ಒಂದು ಕೆಲಸವಾಯಿತು. ಕಿಟಕಿ ತುಂಬಿತು. ಗೋಡೆಯ ಗೂಡು ತುಂಬಿತು. ಆಮೇಲೆ ಅವಳು ಮಾಡಿನ ಪಕ್ಕಾಸಿನ ಮರದಿಂದ ಹುರಿಹಗ್ಗ ಇಳಿಬಿಟ್ಟು ಹಲಗೆಯೊಂದನ್ನು ತೂಗಿದಳು. ಗಾಳಿ ಬಂದಾಗ ಹಲಗೆ ಸಣ್ಣಗೆ ತೂಗುತ್ತಿತ್ತು, ಅವಳು ಅದರ ಕೆಳಗೆ ಚಾಪೆ ಹಾಕಿ ಮಲಗಿ ಸುಮ್ಮನೆ ನೋಡುತ್ತಿದ್ದಳು. ಮಂಜಿಯೊಳಗೆ ಮಲಗಿದ ಹಾಗಾಗುತ್ತದೆ ಎನ್ನುತ್ತಿದ್ದಳು. ಒಂದು ದಿನ ಬೆಕ್ಕು ಹಾರಿ ಆನೆಯ ಸೊಂಡಿಲಿನ ತುದಿ ಹೋಯಿತು. ಆ ದಿನ ಬೆಕ್ಕಿಗೆ ಸಿಕ್ಕಿದ ಬ್ಯಾರಿ ಬೈಗುಳ ನನಗೂ ಸಿಕ್ಕಿರಲಿಲ್ಲ.

ಆಗ ನಮ್ಮವರು ಸಹಾಯಕ್ಕೆ ಹೋದರು. ಕೈಯಲ್ಲಿ ಕೆಲಸ ಉಂಟು, ತಲೆಯಲ್ಲಿ ವಿಚಾರ ಇಲ್ಲ, ನಮ್ಮವರದು ಹಾಗೆ. ಅವಳು ತಮ್ಮನ ಮನೆಗೆ ಬಜಪೆಗೆ ಹೋಗಿದ್ದ ದಿನ, ಗೋಡೆಗೆ ಪಟ್ಟಿ ಹೊಡೆದು, ಅದಕ್ಕೆ ಕೊಕ್ಕೆ ಸಿಕ್ಕಿಸಿ, ಎಲ್ಲ ಮಗ್ಗುಗಳನ್ನೂ ಹಿಡಿಯಲ್ಲಿ ತೂಗಿಹಾಕಿ, ಬೀಗುತ್ತ ಕೂತರು. "ಈಗ ಹಲ್ಲಿ ಎಲ್ಲಿ ಬೀಳ್ತದೆ ನೋಡುವ!" ಅವಳು ಬಂದು ಬಾಗಿಲಲ್ಲೇ ನಿಂತಳು. ಮಗ್ಗುಗಳೆಲ್ಲ ಒಂದೇ ಬದಿಗೆ ಓರೆಯಾಗಿ ತೂಗುತ್ತಿದ್ದವು. ಅವಳ ಮುಖ ಸುಣ್ಣದ ಹಾಗಾಯಿತು.

"ಬೋಜಣ್ಣ, ಇದು ವಾಲಿದ ಮಂಜಿ ಅಲ್ವಾ?" ಎಂದಳು. ಬೈಯಲಿಲ್ಲ. ಬೈದಿದ್ದರೆ ನಮಗೂ ಸಮಾಧಾನವಾಗುತ್ತಿತ್ತು. ಒಂದೊಂದನ್ನೇ ಬಿಚ್ಚಿ ನೆಲದ ಮೇಲೆ ನೆಟ್ಟಗೆ ಇಟ್ಟು, ಅವುಗಳ ಪಕ್ಕದಲ್ಲಿ ಕೂತುಬಿಟ್ಟಳು. ಬ್ಯಾರಿಗಳ ಮಂಜಿ ಸುಖವಾಗಿ ಉಂಟು ಎಂಬ ಸುದ್ದಿ ಧಕ್ಕೆಯಿಂದ ಬರುವ ತನಕ ಅವಳು ಸರಿಯಾಗಿ ಉಣ್ಣಲಿಲ್ಲ, ನಮ್ಮವರು ನನ್ನ ಮುಖ ನೋಡಲಿಲ್ಲ.

ಆ ಮಳೆಗಾಲ ಬ್ಯಾರಿಗಳೇ ಉಪಾಯ ಹೇಳಿದರು. "ಮಂಜಿಯಲ್ಲಿ ಹಲಗೆಗೆ ಮುಂದೆ ಒಂದು ಅಂಚು ಇರ್ತದೆ ಬೋಜಣ್ಣ, ಅಲೆ ಬಂದ್ರೆ ಸಾಮಾನು ಬೀಳ್ಬಾರ್ದಲ್ಲ." ನಮ್ಮವರು ಮಿಲ್ಲಿನಿಂದ ಹಲಸಿನ ಮರದ ತುಂಡುಗಳನ್ನು ತಂದು ಅಂಚುಳ್ಳ ಹಲಗೆ ಮಾಡಿದರು. ಆಸ್ಯಮ್ಮನದು ಒಂದೇ ಷರತ್ತು. ಹಲಗೆಯ ಕೊನೆಯಲ್ಲಿ ಯಾವಾಗಲೂ ಒಂದು ಮಗ್ಗಿನ ಜಾಗ ಖಾಲಿ ಇರಬೇಕು. ಬರಲಿರುವ ಮಗ್ಗಿಗೆ ಜಾಗವಿಲ್ಲದಿದ್ದರೆ ಅದು ಹೇಗೆ ಬಂದೀತು ಎಂಬುದು ಅವಳ ಪ್ರಶ್ನೆ. ಹಾಗಾಗಿ ಹೊಸ ಮಗ್ಗು ಬಂದಾಗಲೆಲ್ಲ ನಮ್ಮವರು ಹಲಗೆಗೆ ಇನ್ನೊಂದು ತುಂಡು ಸೇರಿಸುವರು. ಹಲಗೆ ಬೆಳೆದು ಮೂಲೆ ತಿರುಗಿತು, ಬಾಗಿಲ ಮೇಲೆ ಹಾದಿತು, ನಮ್ಮ ಗೋಡೆಯ ತನಕ ಬಂತು. "ಇನ್ನು ಗೋಡೆ ಒಡೆದು ನಮ್ಮ ಅಡಿಗೆಕೋಣೆಗೂ ಬರ್ತದೆ" ಎಂದು ನಾನು ಕೊಂಕಾಡುತ್ತಿದ್ದೆ. ಕಸ ಬೀಳದ ಹಾಗೆ ಪ್ರತಿ ಮಗ್ಗಿಗೂ ಹಳೆ ಮುಂಡಿನ ಬಟ್ಟೆಯ ಚಿಕ್ಕ ಟೊಪ್ಪಿ ಹೊಲಿದಳು. ಗಾಳಿಗೆ ಹಾರದಿರಲಿ ಎಂದು ಅಂಚಿಗೆ ಮಣಿ ಪೋಣಿಸಿದಳು. ಗಾಳಿ ಬೀಸಿದಾಗ ಮಣಿಗಳು ಪಿಂಗಾಣಿಗೆ ತಾಗಿ ಕಿಣಿಕಿಣಿ ಎನ್ನುವುದು ಗೋಡೆಯ ಮೇಲಿನಿಂದ ನಮ್ಮ ಮನೆಗೂ ಕೇಳುತ್ತಿತ್ತು.

ಬ್ಯಾರಿಗಳು ಬಂದ ದಿನ ಮಾತ್ರ ಆ ಮನೆಯ ಗತ್ತೇ ಬೇರೆ. ಎಲ್ಲ ಮಗ್ಗುಗಳೂ ಕೆಳಗಿಳಿಯುವವು. ಬೂದಿ ಹಾಕಿ ತಿಕ್ಕಿ, ಬಾವಿಯ ನೀರಿನಲ್ಲಿ ಅದ್ದಿ, ಜಗಲಿಯುದ್ದಕ್ಕೂ ಕವುಚಿ ಹಾಕುವಳು. ದಾರಿಯಲ್ಲಿ ಹೋಗುವ ಮೀನಿನ ಹೆಂಗಸರು ಕೂಡ ನಿಂತು, "ಓ, ಬ್ಯಾರಿಗಳು ಬಂದ್ರಾ?" ಎಂದು ಕೇಳುವರು. ಮಳೆಯ ನೀರು ಮಾಡಿನಿಂದ ಅವುಗಳ ಬೆನ್ನಿನ ಮೇಲೆ ಸಿಡಿಯುತ್ತಿತ್ತು. ನನ್ನ ಅಜ್ಜಿಗೆ ಆ ಜಗಲಿಯನ್ನು ತೋರಿಸಬೇಕಿತ್ತು ಎಂದು ನನಗೆ ಅನಿಸುತ್ತಿತ್ತು.

ಮಳೆ ಕಳೆದ ಮೇಲೆ ಅವಳು ಒಂದೊಂದೇ ಮಗ್ಗನ್ನು ಬಾಯಿ ಮೇಲೆ ಮಾಡಿ ಹಲಗೆಗೆ ಏರಿಸುತ್ತಿದ್ದಳು. ಬ್ಯಾರಿಗಳು ನೋಡುತ್ತ ನಿಲ್ಲುತ್ತಿದ್ದರು. ಹೋಗಬೇಡಿ ಎಂದು ಅವಳು ಒಮ್ಮೆಯೂ ಹೇಳಿದ್ದಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಬಾಯಿ ಬಿಟ್ಟು ಹೇಳ್ಬಾರ್ದಾ? ಮಕ್ಕಳಿಲ್ಲ ಮರಿಯಿಲ್ಲ, ಒಬ್ಬಳೇ ಇರ್ತಿ. ಅವರಿಗೆ ಇಲ್ಲೇ ಧಕ್ಕೆಯಲ್ಲಿ ಕೆಲಸ ಇಲ್ವಾ?"

"ಹೇಳಿದ್ರೆ ಉಳೀತಾರೆ ಚಂಪಾ. ಉಳಿದು, ಆ ಕಿಟಕಿಯಿಂದ ಹೊರಗೆ ನೋಡ್ತಾ ಕೂರ್ತಾರೆ. ಅದು ನನಗೆ ಬೇಡ. ಅವರಿಗೇ ಸಾಕು ಅಂತ ಕಾಣ್ಬೇಕು."

ಅರುವತ್ತನಾಲ್ಕರ ಮಳೆಗಾಲ ಬಂತು, ಬ್ಯಾರಿಗಳು ಬರಲಿಲ್ಲ. ಉಳಿದ ಮಂಜಿಗಳೆಲ್ಲ ಅಳಿವೆ ದಾಟಿ ಬಂದು ಹೊಳೆಯ ದಡಕ್ಕೆ ಏರಿದವು. ಇವರದು ಹೊರಟದ್ದನ್ನು ಕಂಡವರಿದ್ದರು, ಮುಟ್ಟಿದ್ದನ್ನು ಕಂಡವರಿರಲಿಲ್ಲ. ಆಸ್ಯಮ್ಮ ಮಗ್ಗುಗಳನ್ನು ಕವುಚಲಿಲ್ಲ. ಆ ಮಳೆಗೆ ಮಾಡು ಸೋರಿ, ಟೊಪ್ಪಿಗಳು ಒದ್ದೆಯಾಗಿ, ಮಗ್ಗುಗಳೊಳಗೆ ನೀರು ನಿಂತಿತು. ನೀರನ್ನು ಚೆಲ್ಲಬೇಕೆಂದರೆ ಓರೆ ಮಾಡಬೇಕಲ್ಲ! ಅವಳು ಸ್ಟೂಲಿನ ಮೇಲೆ ನಿಂತು, ಬಟ್ಟೆಯ ತುದಿಯನ್ನು ಒಳಗೆ ಇಳಿಸಿ, ನೀರನ್ನು ಹೀರಿಸಿ ಹಿಂಡುತ್ತಿದ್ದಳು. ಒಂದು ಮುಗಿದರೆ ಇನ್ನೊಂದು. ನಾನು ಕೆಳಗೆ ಬಾಲ್ದಿ ಹಿಡಿದು ನಿಂತಿದ್ದೆ. ಬೈಯಲು ಬಾಯಿ ಬರಲಿಲ್ಲ ನನಗೆ, ಅಳು ಬರುತ್ತಿತ್ತು.

ಮರುವರ್ಷವೂ ಅವರು ಬರಲಿಲ್ಲ. ಆಸ್ಯಮ್ಮನ ತಮ್ಮ ಮೂಸಬ್ಬ ಬಜಪೆಯಿಂದ ಬಂದ. ಅಲ್ಲಿ ಅವನದೊಂದು ಅಂಗಡಿ ಇತ್ತು. ಒಳ್ಳೆಯ ಮನುಷ್ಯ, ಅಕ್ಕನ ಎದುರು ದನಿ ಎತ್ತಿದವನಲ್ಲ.

"ಸಾಕು ಅಕ್ಕ, ಅದನ್ನೆಲ್ಲ ಕವುಚಿ ಹಾಕು. ಭಾವ ಇನ್ನಿಲ್ಲ. ಮನೆಗೆ ಬಾ" ಎಂದ.

"ಮನೆಗೆ ಬರ್ತೇನೆ" ಎಂದಳು ಅವಳು. "ಕವುಚುದು ಅವರು ಬಂದ ಮೇಲೆ. ಈಗ ನಾನು ಕವುಚಿದ್ರೆ, ಅವರನ್ನು ಮುಳುಗಿಸಿದ್ದು ನಾನೇ ಆಗ್ತೇನೆ."

ಹೋಗುವುದೆಂದು ಆಯಿತು, ಆದರೆ ಮಗ್ಗುಗಳು? ಬೈಹುಲ್ಲು ಸುತ್ತಿ ಗೋಣಿಯಲ್ಲಿ ತುಂಬಿದರೆ ಯಾವುದು ಮೇಲೆ, ಯಾವುದು ಕೆಳಗೆ ಎಂದು ಯಾರು ಕಂಡರು? ಅವಳು ಗಂಟುಮೂಟೆ ಕಟ್ಟಿ, ಮಗ್ಗುಗಳ ಎದುರು ಕೈಕಟ್ಟಿ ಕೂತಳು. ಆಗ ನಮ್ಮವರು ಎದ್ದು ಮಿಲ್ಲಿಗೆ ಹೋದರು. ಬರುವಾಗ ಚಾದ ಪೆಟ್ಟಿಗೆಗಳ ಹಲಗೆ ತಂದರು. ಒಂದು ಅಗಲವಾದ, ಗಿಡ್ಡ ಪೆಟ್ಟಿಗೆ ಮಾಡಿ, ಒಳಗೆ ಪ್ರತಿ ಮಗ್ಗಿಗೂ ಅದರ ಅಳತೆಯ ಒಂದು ಕೋಣೆ ಕಟ್ಟಿದರು, ಎಲ್ಲವೂ ನೆಟ್ಟಗೆ ನಿಲ್ಲುವ ಹಾಗೆ. ಕೊನೆಯಲ್ಲಿ ಒಂದು ಕೋಣೆ ಖಾಲಿ ಇತ್ತು. ಆಸ್ಯಮ್ಮ ಅದರೊಳಗೆ ಕೈಯಿಟ್ಟು ನೋಡಿದಳು. "ಬೋಜಣ್ಣ" ಎಂದಳು, ಆ ಕೋಣೆಯನ್ನು ಸೆರಗಿನಿಂದ ಒರೆಸಿದಳು. ನಮ್ಮವರು ಕೊಕ್ಕೆಯ ಪಾಪವನ್ನು ಆ ದಿನ ತೊಳೆದುಕೊಂಡರು ಎಂದು ನನಗೆ ತುಂಬ ಹೆಮ್ಮೆಯಾಯಿತು. ಅವರಿಗೆ ಹೇಳಲಿಲ್ಲ, ಹೇಳಿದರೆ ತಲೆಗೇರುತ್ತದೆ.

ಎತ್ತಿನ ಗಾಡಿಯಲ್ಲಿ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡೇ ಅವಳು ಹೋದಳು. ಆಮೇಲೆ ಪಕ್ಕದ ಮನೆ ಖಾಲಿಯೇ ಬಿತ್ತು. ನಾನು ಮಧ್ಯಾಹ್ನಗಳಲ್ಲಿ ಒಬ್ಬಳೇ ಬೀಡಿ ಕಟ್ಟುತ್ತ, ಯಾರೂ ಇಲ್ಲದಾಗ, ನಮ್ಮ ಚಾದ ಲೋಟವನ್ನು ಕಿವಿಗಿಟ್ಟು ನೋಡುತ್ತಿದ್ದೆ. ನಗಬೇಡಿ. ಬಜಪೆಗೆ ಒಮ್ಮೆ ನೋಡಲು ಹೋಗಿದ್ದೆ. ಗುಡ್ಡದ ಊರು, ಕಡಲು ಕಾಣುವುದಿಲ್ಲ, ಆಗಾಗ ಒಂದು ವಿಮಾನ ಗುಡುಗಿ ಇಳಿಯುತ್ತಿತ್ತು. ಅದು ಇಳಿದಾಗಲೆಲ್ಲ ಮಣಿಗಳು ಕಿಣಿಕಿಣಿ ಎನ್ನುತ್ತಿದ್ದವು. ಮೂಸಬ್ಬನ ಮನೆಯ ಗೋಡೆಗೂ ಹಲಗೆ ಹೊಡೆಸಿದ್ದಳು, ಅದೇ ಅಂಚು, ಕೊನೆಯಲ್ಲಿ ಅದೇ ಖಾಲಿ ಜಾಗ.

ಅರುವತ್ತಾರರಲ್ಲಿ, ಮಳೆಗೆ ಮುಂಚಿನ ಸೆಕೆಯ ಒಂದು ಬೆಳಿಗ್ಗೆ, ನಮ್ಮ ಜಗಲಿಯ ಮುಂದೆ ಒಬ್ಬ ಮುದುಕ ಬಂದು ನಿಂತ. ಬಿಳಿ ಗಡ್ಡ, ಕೈಯಲ್ಲೊಂದು ಕೋಲು, ಒಂದು ಕಾಲು ಎಳೆಯುತ್ತಿತ್ತು. ಭಿಕ್ಷೆಯವನೆಂದು, "ಮುಂದೆ ಹೋಗಿ" ಎನ್ನಲು ಬಾಯಿ ತೆರೆದಿದ್ದೆ. ಆತ ನನ್ನನ್ನು ನೋಡಲೇ ಇಲ್ಲ. ಪಕ್ಕದ ಮನೆಯ ಕಿಟಕಿಯನ್ನೇ ನೋಡುತ್ತಿದ್ದ.

"ಮಗ್ಗು ಎಲ್ಲಿ?" ಎಂದ.

ನನ್ನ ತೊಡೆಯ ಮೇಲಿನ ತಡ್ಪೆ ಜಾರಿ ಎಲೆ, ಹೊಗೆಸೊಪ್ಪು ಎಲ್ಲ ಅಂಗಳಕ್ಕೆ ಚೆಲ್ಲಿತು. "ಅಯ್ಯೋ ದೇವರೇ, ಬ್ಯಾರಿಗಳೇ! ಎರಡು ವರ್ಷ ಕಳೆದು ಬಂದು ಹೆಂಡತಿ ಎಲ್ಲಿ ಕೇಳುದು ಬಿಟ್ಟು ಮಗ್ಗು ಕೇಳ್ತೀರಲ್ಲ, ನಾಚಿಕೆ ಇಲ್ವಾ ನಿಮಗೆ?" ಎಂದು ಕಿರುಚಿದೆ. ಕಿರುಚುತ್ತ ಅಳುತ್ತಿದ್ದೆ.

"ಮಗ್ಗು ಇರುವಲ್ಲಿ ಅವಳಿರ್ತಾಳೆ" ಎಂದರು ಅವರು. "ಕವುಚಿ ಹಾಕಿದ್ಲಾ ಚಂಪಾ?"

"ಇಲ್ಲ" ಎಂದೆ. ಅವರು ಜಗಲಿಯ ಮೇಲೆ ಕೂತುಬಿಟ್ಟರು.

ಕರಾಚಿಯ ಆಚೆ ಎಲ್ಲೋ ಮಂಜಿ ಬಂಡೆಗೆ ಬಡಿದು ಒಡೆದಿತ್ತಂತೆ. ಮೀನಿನವರು ಎತ್ತಿ ದಡಕ್ಕೆ ಹಾಕಿದರಂತೆ. ಕಾಲು ಮುರಿದು ಆಸ್ಪತ್ರೆ, ಕಾಲು ಕೂಡಿ ಬರುವಷ್ಟರಲ್ಲಿ ಯುದ್ಧ, ದಾರಿ ಬಂದ್. ಯಾರ ಕೈಯಲ್ಲೋ ಹೇಳಿ ಕಳಿಸಿದ ಸುದ್ದಿ ನಮ್ಮ ತನಕ ಮುಟ್ಟಿರಲಿಲ್ಲ. ಇಷ್ಟನ್ನು ಅವರು ಬಸ್ಸಿನಲ್ಲಿ ಹೇಳಿದರು. ನಮ್ಮವರು ಮಿಲ್ಲಿಗೆ ರಜೆ ಹಾಕಿ, ನಾವು ಮೂವರೂ ಬಜಪೆಯ ಬಸ್ಸು ಹತ್ತಿದ್ದೆವು. ದಾರಿಯುದ್ದಕ್ಕೂ ಬ್ಯಾರಿಗಳು ಖಾಲಿ ಕೈಗಳನ್ನು ತೊಡೆಯ ಮೇಲಿಟ್ಟು ಅದನ್ನೇ ನೋಡುತ್ತಿದ್ದರು.

ಆಸ್ಯಮ್ಮ ಅಂಗಳದಲ್ಲಿ ಬೀಡಿ ಎಲೆ ಒಣಹಾಕುತ್ತಿದ್ದಳು. ತಲೆ ಎತ್ತಿ ನೋಡಿದಳು. ಕೂಗಲಿಲ್ಲ, ಓಡಿ ಬರಲಿಲ್ಲ. ಎಲೆಗಳ ನಡುವೆ ಹಾಗೇ ನಿಂತಳು, ಇದು ಕನಸೇ ಆಗಿದ್ದು, ಅಲುಗಾಡಿದರೆ ಹರಿದುಹೋದೀತು ಎಂದು ಹೆದರಿದವಳ ಹಾಗೆ. ಗಾಳಿಗೆ ಎಲೆಗಳು ಹಾರಿ ಅವಳ ಕಾಲ ಸುತ್ತ ಓಡಾಡುತ್ತಿದ್ದವು.

ಬ್ಯಾರಿಗಳೇ ಮೊದಲು ಮಾತಾಡಿದರು. ತಪ್ಪು ಮಾಡಿದ ಮಗುವಿನ ಹಾಗೆ ಕೈ ಬಿಡಿಸಿ ತೋರಿಸಿದರು.

"ಆಸ್ಯಾ, ಈ ಸಲ ಮಗ್ಗು ತರ್ಲಿಲ್ಲ."

ಅವಳು ಅವರ ಕೈ ನೋಡಿದಳು, ಕಾಲು ನೋಡಿದಳು.

"ಸಾಕು" ಎಂದಳು. "ಇನ್ನು ಇಡ್ಲಿಕ್ಕೆ ಜಾಗ ಎಲ್ಲುಂಟು?"

ಸುಳ್ಳಿ! ತೆರೆದ ಬಾಗಿಲಿನಿಂದ ನನಗೆ ಹಲಗೆಯ ಕೊನೆಯ ಖಾಲಿ ಜಾಗ ಕಾಣುತ್ತಿತ್ತು. ನಾನು ಬಾಯಿ ತೆರೆದೆ. ನಮ್ಮವರು ನನ್ನ ಕೈ ಹಿಡಿದು ಹಿಂದಕ್ಕೆ ಎಳೆದರು.

"ನನಗೂ ಸಾಕಾಯ್ತು ಆಸ್ಯಾ" ಎಂದರು ಬ್ಯಾರಿಗಳು. ಆ ಮಾತನ್ನು ಕೇಳಲಿಕ್ಕೆ ಅವಳು ಎಷ್ಟು ಮಳೆಗಾಲ ಕಾದಿದ್ದಳೆಂದು ನನಗೆ ಗೊತ್ತಿತ್ತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಆಮೇಲೆ ಇಬ್ಬರೂ ಸೇರಿ ಮಗ್ಗುಗಳನ್ನು ಇಳಿಸಿದರು. ಅವರು ತೊಳೆದರು, ಅವಳು ಒರೆಸಿ ಜಗಲಿಯಲ್ಲಿ ಕವುಚಿ ಹಾಕಿದಳು. ಏಡನ್, ಬಸ್ರಾ, ಸೊಂಡಿಲು ಮುರಿದ ಆನೆ. ಬಜಪೆಯ ಜನರಿಗೆ ಅದರ ಅರ್ಥ ಏನು ಗೊತ್ತು? ಬೇಲಿಯಾಚೆ ನಿಂತು, ಹಾಡಹಗಲೇ ಇದೇನು ಪಾತ್ರೆ ತೊಳೆಯುವ ಗಡಿಬಿಡಿ ಎಂದು ನೋಡುತ್ತಿದ್ದರು. ನಾನೊಬ್ಬಳು ಜಗಲಿಯ ಕಂಬ ಹಿಡಿದು ಗೊಳೋ ಎಂದು ಅತ್ತೆ. ಅಳು ನಿಲ್ಲಲಿಲ್ಲ, ನಿಲ್ಲಿಸಬೇಕೆಂದೂ ಅನಿಸಲಿಲ್ಲ.

ನಾವು ಹೊರಡುವ ಮೊದಲು, ಮಗ್ಗುಗಳು ಒಣಗಿದ ಮೇಲೆ, ಅವಳು ಅವನ್ನು ಹಲಗೆಗೆ ಏರಿಸಿದಳು. ಟೊಪ್ಪಿಗಳನ್ನು ಮಡಚಿ ಎತ್ತಿಟ್ಟಳು. ಎಲ್ಲವನ್ನೂ ಕವುಚಿಯೇ ಇಟ್ಟಳು. ಒಂದು ಮಗ್ಗಿಗೂ ಇನ್ನೊಂದಕ್ಕೂ ನಡುವೆ ಬೆರಳಿನಷ್ಟು ಸಂದು ಬಿಡುತ್ತ, ಸರಿಸುತ್ತ, ಮತ್ತೆ ಸರಿಸುತ್ತ ಹೋದಳು. ಕೊನೆಯ ಮಗ್ಗು ಹಲಗೆಯ ತುದಿಗೆ ಬಂದು ನಿಂತಿತು. ಇಷ್ಟು ವರ್ಷ ಕಾದಿದ್ದ ಆ ಖಾಲಿ ಜಾಗ ಎಲ್ಲಿತ್ತೆಂದು ಆಮೇಲೆ ನಾನು ಎಷ್ಟು ಹುಡುಕಿದರೂ ಸಿಗಲಿಲ್ಲ.